ಡೋನಾ ಆಂಟೋನಿಯಾ ಅಡಿಲೈಡ್ ಫೆರೇರಾ

ಡೋನಾ ಆಂಟೋನಿಯಾ ಅಡಿಲೈಡ್ ಫೆರೇರಾ (4 ಜುಲೈ 1811 – 26 ಮಾರ್ಚ್ 1896) ಅವರು 19ನೆಯ ಶತಮಾನದ ಪೋರ್ಚುಗಲ್‌ನ ಪ್ರಸಿದ್ಧ ದ್ರಾಕ್ಷಿ ಬೆಳೆಗಾರ್ತಿ, ಭೂಮಾಲಕಿ ಮತ್ತು ಪೋರ್ಟ್ ವೈನ್ ವ್ಯಾಪಾರಸ್ಥೆ. ಉತ್ತರ ಪೋರ್ಚುಗಲ್‌ನ ಡೌರೊ ನದಿ ಕಣಿವೆಯ ಜನರು ಇವರನ್ನು ಪ್ರೀತಿಯಿಂದ ಫೆರೇರಿನ್ಯಾ, ಅಂದರೆ ಪುಟ್ಟ ಫೆರೇರಾ, ಎಂದು ಕರೆಯುತ್ತಿದ್ದರು. 33ನೆಯ ವಯಸ್ಸಿನಲ್ಲಿ ವಿಧವೆಯಾದ ಇವರು ಮುಂದಿನ ಅರ್ಧ ಶತಮಾನ ಕುಟುಂಬದ ವ್ಯವಹಾರವನ್ನು ಮುನ್ನಡೆಸಿದರು. ಫಿಲಾಕ್ಸೆರಾ ಎಂಬ ಕೀಟವು ಕಣಿವೆಯ ದ್ರಾಕ್ಷಿ ತೋಟಗಳನ್ನು ನಾಶಮಾಡುತ್ತಿದ್ದ ಕಾಲದಲ್ಲಿಯೂ ಇವರು ಜಮೀನು ಕೊಂಡು ಹೊಸ ತೋಟಗಳನ್ನು ಬೆಳೆಸಿದರು. ಮರಣಕಾಲಕ್ಕೆ ಇಪ್ಪತ್ತಕ್ಕೂ ಹೆಚ್ಚು ಕ್ವಿಂಟಾಗಳು ಇವರ ಒಡೆತನದಲ್ಲಿದ್ದವು. ಕ್ವಿಂಟಾ ಎಂದರೆ ಮನೆ, ದ್ರಾಕ್ಷಿ ತುಳಿಯುವ ತೊಟ್ಟಿ ಮತ್ತು ಉಗ್ರಾಣಗಳನ್ನು ಒಳಗೊಂಡ ತೋಟ.

ಹಿನ್ನೆಲೆ

ಆಂಟೋನಿಯಾ ಅವರ ಜೀವನವನ್ನು ಅರಿಯಲು ಡೌರೊ ಕಣಿವೆಯ ಸ್ವರೂಪವನ್ನು ತಿಳಿಯುವುದು ಅಗತ್ಯ. ಸ್ಪೇನಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಡೌರೊ ನದಿಯು ಪೋರ್ಟೊ ನಗರದ ಬಳಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಪೋರ್ಟ್ ವೈನ್‌ನ ದ್ರಾಕ್ಷಿ ಬೆಳೆಯುವುದು ಸಮುದ್ರತೀರದಲ್ಲಲ್ಲ, ಒಳನಾಡಿನ ಕಡಿದಾದ ಬೆಟ್ಟಗಳಲ್ಲಿ. ಅಲ್ಲಿನ ನೆಲ ಶಿಸ್ಟ್ ಎಂಬ ಪದರುಕಲ್ಲಿನದು. ಬೇಸಿಗೆ ಉರಿ, ಚಳಿಗಾಲ ಕಠೋರ, ಮಳೆ ಕಡಿಮೆ. ಬೆಟ್ಟದ ಇಳಿಜಾರನ್ನು ಕಡಿದು, ಕಲ್ಲಿನ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿಕೊಳ್ಳಬೇಕು. ಪೋರ್ಚುಗಲ್‌ನ ಪ್ರಧಾನಿಯಾಗಿದ್ದ ಪೊಂಬಾಲ್‌ನ ಮಾರ್ಕ್ವಿಸ್ 1756ರಲ್ಲಿ ಈ ಪ್ರದೇಶದ ಗಡಿಯನ್ನು ಕಾನೂನಿನ ಮೂಲಕ ಗುರುತಿಸಿ, ವ್ಯಾಪಾರದ ನಿಯಂತ್ರಣಕ್ಕೆಂದು ಒಂದು ಕಂಪನಿಯನ್ನು ಸ್ಥಾಪಿಸಿದನು. ಜಗತ್ತಿನಲ್ಲಿ ಗಡಿ ಗುರುತಿಸಲ್ಪಟ್ಟ ಮೊದಮೊದಲ ವೈನ್ ಪ್ರದೇಶಗಳಲ್ಲಿ ಇದೂ ಒಂದು.

ಈ ಕಣಿವೆಯನ್ನು ಮೂರು ಭಾಗಗಳಾಗಿ ವಿಂಗಡಿಸುವುದು ರೂಢಿ. ಪಶ್ಚಿಮದಲ್ಲಿ ಬೈಶು ಕೋರ್ಗೊ, ನಡುವೆ ಸೀಮಾ ಕೋರ್ಗೊ, ಸ್ಪೇನಿನ ಗಡಿಯವರೆಗೆ ಡೌರೊ ಸುಪೀರಿಯರ್. ಪೆಸೊ ದ ರೇಗ್ವಾ ಪಟ್ಟಣವಿರುವ ಮೊದಲ ಭಾಗದಲ್ಲಿ ಬೇಸಾಯ ಹಳೆಯದು, ಜನವಸತಿ ದಟ್ಟ. ಕೊನೆಯ ಭಾಗ ಬಹುಕಾಲ ನಿರ್ಜನವಾಗಿತ್ತು, ಏಕೆಂದರೆ ಕಾಶಾಂವ್ ದ ವಲೇರಾ ಎಂಬಲ್ಲಿ ನದಿಗೆ ಅಡ್ಡವಾಗಿದ್ದ ಬಂಡೆಗಳು ದೋಣಿ ಸಂಚಾರವನ್ನು ತಡೆದಿದ್ದವು. 18ನೆಯ ಶತಮಾನದ ಕೊನೆಯಲ್ಲಿ ಬಂಡೆಗಳನ್ನು ಸಿಡಿಸಿ ದಾರಿ ಮಾಡಲಾಯಿತಾದರೂ ಅಲ್ಲಿನ ಸೆಳೆತ ಅಪಾಯಕಾರಿಯಾಗಿಯೇ ಉಳಿಯಿತು. ಆಂಟೋನಿಯಾ ಅವರ ಬದುಕಿನಲ್ಲಿ ಈ ಸ್ಥಳದ ಹೆಸರು ಮತ್ತೆ ಬರುತ್ತದೆ.

ಜನನ ಮತ್ತು ಕುಟುಂಬ

ಆಂಟೋನಿಯಾ ಪೆಸೊ ದ ರೇಗ್ವಾ ಬಳಿಯ ಗೊಡಿಂ ಎಂಬಲ್ಲಿ ಜನಿಸಿದರು. ತಂದೆ ಜೊಸೆ ಬರ್ನಾರ್ಡೊ ಫೆರೇರಾ. ಕುಟುಂಬವು 1751ರಿಂದಲೇ ವೈನ್ ವ್ಯಾಪಾರದಲ್ಲಿ ತೊಡಗಿತ್ತು. ಪೋರ್ಟ್ ವೈನ್‌ನ ರಫ್ತಿನಲ್ಲಿ ಬ್ರಿಟಿಷ್ ವರ್ತಕರೇ ಮೇಲುಗೈ ಸಾಧಿಸಿದ್ದ ಕಾಲದಲ್ಲಿ ಪೋರ್ಚುಗೀಸರ ಒಡೆತನದ ಈ ಮನೆತನಕ್ಕೆ ವಿಶೇಷ ಸ್ಥಾನವಿತ್ತು. ಆಂಟೋನಿಯಾ ಅವರ ದೊಡ್ಡಪ್ಪ–ಚಿಕ್ಕಪ್ಪಂದಿರಲ್ಲಿ ಒಬ್ಬರಾದ ಆಂಟೋನಿಯೊ ಬರ್ನಾರ್ಡೊ ಫೆರೇರಾ 1823ರಲ್ಲಿ ಡೌರೊ ಸುಪೀರಿಯರ್‌ನಲ್ಲಿ ವಿಶಾಲವಾದ ಜಮೀನನ್ನು ಕೊಂಡು, ನೂರಾರು ಆಳುಗಳನ್ನು ಹಚ್ಚಿ ತೋಟ ಮಾಡಿಸಿದ್ದರು. ಮುಂದೆ ಇದೇ ಕ್ವಿಂಟಾ ದೊ ವೆಸೂವಿಯೊ ಎಂದು ಹೆಸರಾಯಿತು. ಈ ತೋಟ ಏಳು ಬೆಟ್ಟ, ಮೂವತ್ತೊಂದು ಕಣಿವೆಗಳನ್ನು ಒಳಗೊಂಡಿದೆ ಎಂದು ಹೇಳುವುದುಂಟು.

1834ರಲ್ಲಿ ಆಂಟೋನಿಯಾ ಅವರ ವಿವಾಹವು ಇದೇ ಬಂಧುವಿನ ಮಗ, ತಂದೆಯ ಹೆಸರನ್ನೇ ಹೊತ್ತಿದ್ದ ಆಂಟೋನಿಯೊ ಬರ್ನಾರ್ಡೊ ಫೆರೇರಾನೊಂದಿಗೆ ನಡೆಯಿತು. ಆಸ್ತಿ ಮನೆತನದೊಳಗೇ ಉಳಿಯಲೆಂದು ನಡೆಯುತ್ತಿದ್ದ ಇಂತಹ ಸಂಬಂಧಗಳು ಆಗ ಸಾಮಾನ್ಯವಾಗಿದ್ದವು. ಪತಿಗೆ ತೋಟದ ಬದುಕಿಗಿಂತ ನಗರದ ವೈಭವದ ಬದುಕೇ ಹೆಚ್ಚು ಪ್ರಿಯವಾಗಿತ್ತು. ಅವನು ಧಾರಾಳವಾಗಿ ಖರ್ಚು ಮಾಡುವವನೆಂದು ಹೆಸರಾಗಿದ್ದನು. 1844ರಲ್ಲಿ ಅವನು ಪ್ಯಾರಿಸ್‌ನಲ್ಲಿ ತೀರಿಕೊಂಡನು. ಮಗ ಆಂಟೋನಿಯೊ ಬರ್ನಾರ್ಡೊ ಮತ್ತು ಮಗಳು ಮರಿಯಾ ದ ಅಸುನ್ಸಾಂವ್ ಇನ್ನೂ ಚಿಕ್ಕವರಾಗಿದ್ದರು. ಮತ್ತೊಂದು ಮಗು ಎಳವೆಯಲ್ಲೇ ತೀರಿಕೊಂಡಿತ್ತು.

ವ್ಯವಹಾರದ ಹೊಣೆ

ಆ ಕಾಲದ ಪೋರ್ಚುಗಲ್‌ನಲ್ಲಿ ವಿವಾಹಿತ ಸ್ತ್ರೀಗೆ ಆಸ್ತಿಯ ನಿರ್ವಹಣೆಯಲ್ಲಿ ಅಧಿಕಾರ ಅತ್ಯಲ್ಪ. ವಿಧವೆಗೆ ಮಾತ್ರ ತನ್ನ ಹೆಸರಿನಲ್ಲಿ ವ್ಯವಹರಿಸುವ ಅವಕಾಶವಿತ್ತು. ಆಂಟೋನಿಯಾ ಈ ಅವಕಾಶವನ್ನು ಬಿಟ್ಟುಕೊಡಲಿಲ್ಲ. ವ್ಯವಸ್ಥಾಪಕ ಫ್ರಾನ್ಸಿಸ್ಕೊ ಜೊಸೆ ದ ಸಿಲ್ವಾ ಟೋರೆಸ್ ಅವರ ನೆರವಿನಿಂದ ಲೆಕ್ಕಪತ್ರಗಳನ್ನು ಸರಿಪಡಿಸಿದರು. ಪೋರ್ಟೊದ ಎದುರು ದಂಡೆಯಲ್ಲಿರುವ ವಿಲಾ ನೋವಾ ದೆ ಗಾಯಾದ ಉಗ್ರಾಣಗಳಿಂದ ವೈನ್ ರಫ್ತಾಗುತ್ತಿತ್ತಾದರೂ ಇವರು ಹೆಚ್ಚು ಕಾಲ ಕಳೆದದ್ದು ತೋಟಗಳಲ್ಲಿ. ಒಂದು ಕ್ವಿಂಟಾದಿಂದ ಇನ್ನೊಂದಕ್ಕೆ ಸಂಚರಿಸುತ್ತ ನೆಡುವಿಕೆ, ಗೋಡೆ ಕಟ್ಟುವಿಕೆ ಮತ್ತು ಕೊಯ್ಲನ್ನು ಸ್ವತಃ ನೋಡಿಕೊಳ್ಳುತ್ತಿದ್ದರು. ಆ ಕಾಲದ ದೊಡ್ಡ ಭೂಮಾಲಕರಲ್ಲಿ ಇದು ಅಪರೂಪ.

1850ರ ದಶಕದ ಆರಂಭದಲ್ಲಿ ಒಯಿಡಿಯಂ ಎಂಬ ಬೂದಿರೋಗ ಡೌರೊ ತೋಟಗಳನ್ನು ಮುತ್ತಿತು. ಎಲೆ ಮತ್ತು ಕಾಯಿಗಳ ಮೇಲೆ ಬಿಳಿ ಪುಡಿಯಂತೆ ಹರಡುವ ಈ ಶಿಲೀಂಧ್ರವನ್ನು ಗಂಧಕದ ಪುಡಿ ಎರಚಿ ತಡೆಯಬಹುದೆಂಬುದು ಖಚಿತವಾಗುವ ಹೊತ್ತಿಗೆ ಹಲವು ವರ್ಷಗಳ ಬೆಳೆ ನಾಶವಾಗಿತ್ತು. ಇದೇ ದಶಕದಲ್ಲಿ ಕುಟುಂಬಕ್ಕೆ ಬೇರೊಂದು ದಿಕ್ಕಿನಿಂದಲೂ ಆಪತ್ತು ಬಂದಿತು.

ದೇಶಭ್ರಷ್ಟತೆ ಮತ್ತು ಎರಡನೆಯ ವಿವಾಹ

ಆಗ ಪೋರ್ಚುಗಲ್‌ನ ಸರ್ಕಾರವನ್ನು ನಡೆಸುತ್ತಿದ್ದವನು ಸಾಲ್ಡಾನ್ಯಾದ ಡ್ಯೂಕ್, ದೇಶದ ಅತ್ಯಂತ ಪ್ರಬಲ ಸೇನಾನಿ. ಅವನು ತನ್ನ ಮಗನಿಗೆ ಆಂಟೋನಿಯಾ ಅವರ ಮಗಳನ್ನು ತಂದುಕೊಳ್ಳಲು ಬಯಸಿದನು. ಹುಡುಗಿಗೆ ಆಗ ಸುಮಾರು ಹನ್ನೆರಡು ವರ್ಷ. ಶ್ರೀಮಂತ ಮನೆತನದ ಉತ್ತರಾಧಿಕಾರಿಣಿಯಾಗಿದ್ದ ಅವಳ ಕೈಹಿಡಿಯುವುದೆಂದರೆ ಡೌರೊದ ದೊಡ್ಡ ಆಸ್ತಿಯೊಂದರ ಪಾಲಿಗೆ ಕೈಯಿಡುವುದೆಂದೇ ಅರ್ಥ. ಆಂಟೋನಿಯಾ ಒಪ್ಪಲಿಲ್ಲ. 1854ರಲ್ಲಿ ಹುಡುಗಿಯನ್ನು ಬಲವಂತವಾಗಿ ಕೊಂಡೊಯ್ಯಲು ಶಸ್ತ್ರಧಾರಿಗಳು ಬಂದಾಗ ತಾಯಿ ಮಗಳು ತಪ್ಪಿಸಿಕೊಂಡು ಸ್ಪೇನಿಗೂ ಅಲ್ಲಿಂದ ಲಂಡನ್ನಿಗೂ ಹೋದರು. ಒಂದು ದೇಶದ ಆಳುವವನನ್ನೇ ಎದುರುಹಾಕಿಕೊಂಡ ತಾಯಿಯ ಈ ಪಲಾಯನ ಮುಂದೆ ಕಥೆಗಳಿಗೂ ದೂರದರ್ಶನ ಧಾರಾವಾಹಿಗೂ ವಸ್ತುವಾಯಿತು.

1856ರಲ್ಲಿ ಲಂಡನ್ನಿನಲ್ಲಿಯೇ ಆಂಟೋನಿಯಾ ಸಿಲ್ವಾ ಟೋರೆಸ್ ಅವರನ್ನು ವಿವಾಹವಾದರು. ಸಿಲ್ವಾ ಟೋರೆಸ್ ಕೆಳಮಟ್ಟದಿಂದ ಮೇಲೆ ಬಂದ ವ್ಯಕ್ತಿ. ತೋಟಗಳ ಪ್ರತಿಯೊಂದು ಮೂಲೆಯನ್ನೂ ಬಲ್ಲವರು. ಸ್ವದೇಶಕ್ಕೆ ಮರಳಿದ ಮೇಲೆ ದಂಪತಿಗಳು ಜೊತೆಯಾಗಿ ಆಸ್ತಿಯನ್ನು ವಿಸ್ತರಿಸಿದರು. 1880ರಲ್ಲಿ ಸಿಲ್ವಾ ಟೋರೆಸ್ ನಿಧನರಾದಾಗ ಆಂಟೋನಿಯಾ ಎರಡನೆಯ ಬಾರಿ ವಿಧವೆಯಾದರು. ಮಗಳು ಮುಂದೆ ಅಜಾಂಬುಜಾದ ಕೌಂಟೆಸ್ ಆದಳು.

ವಲೇರಾದ ದೋಣಿ ದುರಂತ

1861ರ ಮೇ 12ರಂದು ಆಂಟೋನಿಯಾ, ಅವರ ಕುಟುಂಬದವರು ಮತ್ತು ಅತಿಥಿಗಳು ವೆಸೂವಿಯೊದಿಂದ ರೇಗ್ವಾ ಕಡೆಗೆ ದೋಣಿಯಲ್ಲಿ ಹೊರಟಿದ್ದರು. ಅತಿಥಿಗಳಲ್ಲಿ ಜೋಸೆಫ್ ಜೇಮ್ಸ್ ಫಾರೆಸ್ಟರ್ ಇದ್ದರು. ಇಂಗ್ಲೆಂಡಿನ ಹಲ್ ನಗರದಲ್ಲಿ ಹುಟ್ಟಿ, 1831ರಲ್ಲಿ ಪೋರ್ಟೊಗೆ ಬಂದು ನೆಲೆಸಿದ ಈ ವರ್ತಕ ಡೌರೊ ನದಿಯ ವಿವರವಾದ ನಕ್ಷೆಗಳನ್ನು ರಚಿಸಿ ಬ್ಯಾರನ್ ಪದವಿ ಪಡೆದಿದ್ದರು. ಪೋರ್ಟ್ ವೈನ್‌ಗೆ ಬ್ರಾಂಡಿ ಬೆರೆಸುವ ಪದ್ಧತಿಯನ್ನು ಟೀಕಿಸಿ 1844ರಲ್ಲಿ ಕಿರುಪುಸ್ತಕ ಪ್ರಕಟಿಸಿ, ಸಹ ವರ್ತಕರ ಕೋಪಕ್ಕೂ ಗುರಿಯಾಗಿದ್ದರು. ವಲೇರಾದ ಸೆಳೆತಕ್ಕೆ ಸಿಕ್ಕು ದೋಣಿ ಮಗುಚಿತು. ಫಾರೆಸ್ಟರ್ ಮುಳುಗಿದರು, ಅವರ ದೇಹ ದೊರೆಯಲೇ ಇಲ್ಲ. ಸೇವಕ ವರ್ಗದವರೂ ಕೆಲವರು ಸತ್ತರು. ಆಂಟೋನಿಯಾ ಬದುಕುಳಿದರು.

ಆಂಟೋನಿಯಾ ತೊಟ್ಟಿದ್ದ ಅಗಲವಾದ ಲಂಗದಲ್ಲಿ ಗಾಳಿ ತುಂಬಿ ಅವರು ನೀರಿನ ಮೇಲೆ ತೇಲಿದರೆಂದೂ, ಫಾರೆಸ್ಟರ್ ಸೊಂಟಕ್ಕೆ ಕಟ್ಟಿಕೊಂಡಿದ್ದ ಚಿನ್ನದ ನಾಣ್ಯಗಳ ಭಾರಕ್ಕೆ ಮುಳುಗಿದರೆಂದೂ ಪ್ರತೀತಿ ಇದೆ. ವೈನ್ ಕುರಿತ ಹೆಚ್ಚಿನ ಪುಸ್ತಕಗಳಲ್ಲಿ ಆಂಟೋನಿಯಾ ಅವರ ಹೆಸರು ಬರುವುದು ಈ ಒಂದು ಪ್ರಸಂಗಕ್ಕಾಗಿ ಮಾತ್ರ. ಅಕ್ಷರಶಃ ನಂಬಲು ಕಷ್ಟವಾದ ಈ ಕಥೆಗಿಂತ ಮುಂದಿನ ಮೂವತ್ತೈದು ವರ್ಷಗಳ ಕೆಲಸವೇ ಹೆಚ್ಚು ಮಹತ್ವದ್ದು.

ಫಿಲಾಕ್ಸೆರಾ ಮತ್ತು ದೇಶೀ ತಳಿಗಳು

ಫಿಲಾಕ್ಸೆರಾ ಉತ್ತರ ಅಮೆರಿಕ ಮೂಲದ, ಕಣ್ಣಿಗೆ ಕಾಣುವುದೇ ಕಷ್ಟವೆನಿಸುವಷ್ಟು ಚಿಕ್ಕ ಹೇನು. ದ್ರಾಕ್ಷಿಯ ಬೇರಿನ ರಸ ಹೀರಿ ಬಳ್ಳಿಯನ್ನು ಒಣಗಿಸುತ್ತದೆ. ಅಮೆರಿಕದ ಕಾಡು ದ್ರಾಕ್ಷಿಗಳು ಈ ಕೀಟದೊಂದಿಗೆ ಸಹಸ್ರಾರು ವರ್ಷ ಬಾಳಿ ಅದನ್ನು ತಾಳಿಕೊಳ್ಳುವ ಗುಣ ಪಡೆದಿವೆ. ಯುರೋಪಿನ ದ್ರಾಕ್ಷಿಗೆ ಆ ಗುಣವಿಲ್ಲ. ಪ್ರಯೋಗಕ್ಕೆಂದು ತರಿಸಿದ ಅಮೆರಿಕದ ಬಳ್ಳಿಗಳೊಂದಿಗೆ ಕೀಟವೂ ಹಡಗೇರಿ ಬಂದು, 1860ರ ದಶಕದಲ್ಲಿ ಫ್ರಾನ್ಸ್ ಮತ್ತು ಪೋರ್ಚುಗಲ್‌ಗಳಲ್ಲಿ ಕಾಣಿಸಿಕೊಂಡಿತು. (ಕರ್ನಾಟಕದಲ್ಲಿ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯೂ ಅಮೆರಿಕದ ಲಬ್ರುಸ್ಕಾ ವಂಶಕ್ಕೆ ಸೇರಿದ್ದು, ಯುರೋಪಿನ ವೈನ್ ತಳಿಗಳಿಗೂ ಅದಕ್ಕೂ ವಾಸನೆಯಲ್ಲಿರುವ ವ್ಯತ್ಯಾಸಕ್ಕೆ ಇದೇ ಕಾರಣ.)

ಡೌರೊ ಕಣಿವೆಯ ಹಳೆಯ ತೋಟಗಳಲ್ಲಿ ಆಗ ತಳಿಗಳನ್ನು ಬೇರೆ ಬೇರೆಯಾಗಿ ನೆಡುವ ಪದ್ಧತಿ ಇರಲಿಲ್ಲ. ಒಂದೇ ಮೆಟ್ಟಿಲಿನಲ್ಲಿ ಹತ್ತಾರು ತಳಿಗಳು ಬೆರೆತು ಬೆಳೆಯುತ್ತಿದ್ದವು. ಸಣ್ಣ ಕಾಯಿ, ದಪ್ಪ ಸಿಪ್ಪೆ, ಕಡುವರ್ಣ ಮತ್ತು ಅಲ್ಪ ಇಳುವರಿಯ ಟೌರಿಗಾ ನಾಸಿಯೊನಾಲ್. ಸ್ಪೇನಿನಲ್ಲಿ ಟೆಂಪ್ರಾನಿಯೊ ಎಂದೂ ದಕ್ಷಿಣ ಪೋರ್ಚುಗಲ್‌ನಲ್ಲಿ ಅರಗೊನೆಜ್ ಎಂದೂ ಕರೆಯಲ್ಪಡುವ ಟಿಂಟಾ ರೋರಿಜ್. ಬಿಸಿಲಿಗೆ ಬೇಗ ಒಣಗುವ ಟಿಂಟಾ ಬರೋಕಾ. ತಡವಾಗಿ ಮಾಗುವ ಟಿಂಟೊ ಕಾಂವ್. ಬಿಳಿ ತಳಿಗಳಲ್ಲಿ ರಬಿಗಾಟೊ, ಗೊವೆಯೊ, ವಿಯೊಜಿನ್ಯೊ, ಮಾಲ್ವಸಿಯಾ ಫೀನಾ. ಒಂದು ತಳಿ ಒಂದು ವರ್ಷ ಕೈಕೊಟ್ಟರೆ ಇನ್ನೊಂದು ಕಾಯುತ್ತಿತ್ತು. ಎಲ್ಲವನ್ನೂ ಒಟ್ಟಿಗೆ ಕೊಯ್ದು, ಕಲ್ಲಿನ ತೊಟ್ಟಿಯಲ್ಲಿ ಕಾಲಿನಿಂದ ತುಳಿದು, ಹುದುಗುವಿಕೆಯ ನಡುವೆಯೇ ದ್ರಾಕ್ಷಿಯ ಸಾರಾಯಿ ಬೆರೆಸಿ ಅದನ್ನು ನಿಲ್ಲಿಸುತ್ತಿದ್ದರು; ಇದರಿಂದ ವೈನ್‌ನಲ್ಲಿ ಸಿಹಿ ಉಳಿಯುತ್ತದೆ. ಹೀಗೆ ತಯಾರಾದದ್ದನ್ನು ರಬೆಲೊ ಎಂಬ ಚಪ್ಪಟೆ ತಳದ ದೋಣಿಗಳಲ್ಲಿ ಸುಮಾರು 550 ಲೀಟರಿನ ಪೀಪಾಯಿಗಳಾಗಿ ಗಾಯಾಕ್ಕೆ ಸಾಗಿಸುತ್ತಿದ್ದರು.

ಕೀಟ ಬಂದಾಗ ಅಪಾಯಕ್ಕೊಳಗಾದದ್ದು ಒಂದೆರಡು ವರ್ಷಗಳ ಬೆಳೆಯಲ್ಲ, ಶತಮಾನಗಳಿಂದ ಬಂದ ಈ ತಳಿಗಳ ಒಟ್ಟು ಸಂಗ್ರಹವೇ. ಯಾರೂ ಅವುಗಳ ಪಟ್ಟಿಯನ್ನು ಪೂರ್ಣವಾಗಿ ಮಾಡಿರಲಿಲ್ಲ. ಬಳ್ಳಿ ಸತ್ತರೆ ತಳಿಯೂ ಹೋಗುತ್ತಿತ್ತು. ಅನೇಕ ರೈತರು ತೋಟ ತೊರೆದು ಬ್ರೆಜಿಲ್‌ಗೆ ವಲಸೆ ಹೋದರು. ಅಂದು ಕೈಬಿಟ್ಟ ಮೆಟ್ಟಿಲು ತೋಟಗಳಿಗೆ ಪೋರ್ಚುಗೀಸ್ ಭಾಷೆಯಲ್ಲಿ ಮೋರ್ತೋರಿಯೊ ಎಂಬ ಹೆಸರಿದೆ. ಸಾವಿನ ಸೂಚನೆ ಆ ಪದದಲ್ಲಿಯೇ ಇದೆ. ಪೊದೆ, ಆಲಿವ್ ಮರಗಳು ಬೆಳೆದ ಆ ಕಲ್ಲುಗೋಡೆಗಳನ್ನು ಇಂದಿಗೂ ಡೌರೊದಲ್ಲಿ ಕಾಣಬಹುದು.

ಪರಿಹಾರಗಳು ಎರಡು ಬಗೆಯವು. ಮೊದಲನೆಯದು ನೆಲಕ್ಕೆ ಕಾರ್ಬನ್ ಡೈಸಲ್ಫೈಡ್ ಎಂಬ ದ್ರವವನ್ನು ಚುಚ್ಚಿ ಕೀಟವನ್ನು ಕೊಲ್ಲುವುದು. ಇದು ದುಬಾರಿ, ಬೆಂಕಿಯ ಅಪಾಯವುಳ್ಳದ್ದು. ಕಲ್ಲುನೆಲದಲ್ಲಿ ಕಷ್ಟಸಾಧ್ಯವೂ ಹೌದು. ಎರಡನೆಯದು ಅಮೆರಿಕದ ಬಳ್ಳಿಯ ಬೇರಿಗೆ ಸ್ಥಳೀಯ ತಳಿಯ ಕಡ್ಡಿಯನ್ನು ಕಸಿ ಮಾಡುವುದು. ನೆಲದ ಕೆಳಗಿನದು ಅಮೆರಿಕದ್ದು, ಮೇಲಿನದು ಡೌರೊದ್ದು. ಹಣ್ಣಿನ ಗುಣ ಬದಲಾಗುವುದಿಲ್ಲವೆಂಬುದು ಕ್ರಮೇಣ ಸಾಬೀತಾಯಿತಾದರೂ ಇಡೀ ತೋಟವನ್ನು ಕಿತ್ತು, ನೆಲವನ್ನು ಮತ್ತೆ ಆಳವಾಗಿ ಅಗೆದು, ಹೊಸದಾಗಿ ನೆಟ್ಟು, ಫಸಲಿಗಾಗಿ ವರ್ಷಗಟ್ಟಲೆ ಕಾಯಬೇಕಿತ್ತು. ಬಂಡವಾಳವಿಲ್ಲದ ಸಣ್ಣ ರೈತನಿಗೆ ಇದು ಅಸಾಧ್ಯ.

ಆಂಟೋನಿಯಾ ಅವರಿಗೆ ಬಂಡವಾಳವಿತ್ತು. ಅದರ ಮೂಲವೊಂದು ಅವರ ಖರೀದಿ ನೀತಿ. 1868ರ ಸುಮಾರಿಗೆ ಉತ್ಪನ್ನ ಹೆಚ್ಚಾಗಿ ಬೆಲೆ ಕುಸಿದಾಗ ಅವರು ರೈತರಿಂದ ಅಪಾರ ಪ್ರಮಾಣದ ವೈನ್ ಕೊಂಡು ದಾಸ್ತಾನು ಮಾಡಿದರು. ಕೀಟದಿಂದ ಉತ್ಪನ್ನ ಕುಸಿದು ಬೆಲೆ ಏರಿದಾಗ ಅದೇ ದಾಸ್ತಾನು ಭಾರಿ ಲಾಭ ತಂದಿತು. ಇದನ್ನು ಕೆಲವರು ರೈತರ ಮೇಲಿನ ಕರುಣೆಯೆಂದೂ ಕೆಲವರು ವರ್ತಕರ ಮುಂದಾಲೋಚನೆಯೆಂದೂ ವಿವರಿಸುತ್ತಾರೆ. ಎರಡೂ ಒಟ್ಟಿಗೆ ನಿಜವಾಗಿರಬಾರದೆಂದೇನೂ ಇಲ್ಲ: ಮಾರಾಟವಾಗದ ವೈನ್ ಇಟ್ಟುಕೊಂಡಿದ್ದ ರೈತನಿಗೆ ಅಂದು ಕೈಗೆ ಹಣ ಬಂದಿತು, ಕೊಂಡವರಿಗೆ ಮುಂದೆ ಲಾಭವಾಯಿತು. ಹಾಗೆಯೇ ದಿವಾಳಿಯಾದ ನೆರೆಯವರ ತೋಟಗಳನ್ನು ಕೊಂಡದ್ದರಿಂದ ಇವರ ಆಸ್ತಿ ಬೆಳೆಯಿತೆಂಬುದನ್ನೂ ಮರೆಯುವಂತಿಲ್ಲ. ಆದರೆ ಆ ತೋಟಗಳು ಮೋರ್ತೋರಿಯೊಗಳಾಗದೆ ಬೇಸಾಯದಲ್ಲಿ ಉಳಿದವು, ಕೂಲಿಯವರಿಗೆ ಕೆಲಸ ದೊರೆಯಿತು.

ಕಸಿಯ ಕಾಲದಲ್ಲಿ ತಳಿಗಳ ಪ್ರಮಾಣವೂ ಬದಲಾಯಿತು. ಮರುನೆಡುವಿಕೆಗೆ ಹಣ ಸುರಿದ ಬೆಳೆಗಾರರು ಸಹಜವಾಗಿಯೇ ಹೆಚ್ಚು ಇಳುವರಿಯ ತಳಿಗಳತ್ತ ವಾಲಿದರು. ಗುಣದಲ್ಲಿ ಶ್ರೇಷ್ಠವೆನಿಸಿದ ಟೌರಿಗಾ ನಾಸಿಯೊನಾಲ್ ಅಲ್ಪ ಇಳುವರಿಯ ಕಾರಣಕ್ಕೆ ಹಿಂದೆ ಸರಿದು, 20ನೆಯ ಶತಮಾನದ ನಡುವೆ ವಿರಳವಾಗಿತ್ತು. ಅದರ ಸ್ಥಾನದಲ್ಲಿ ಟೌರಿಗಾ ಫ್ರಾಂಕಾ ಹರಡಿತು. ಹೆಸರಿನಲ್ಲಿ ಫ್ರಾನ್ಸಿನ ಛಾಯೆಯಿದ್ದರೂ ಇದು ಅಪ್ಪಟ ಪೋರ್ಚುಗೀಸ್ ತಳಿ. ಟೌರಿಗಾ ನಾಸಿಯೊನಾಲ್ ಮತ್ತು ಮರೂಫೊ ಎಂಬ ತಳಿಗಳ ಸಂಕರದಿಂದ ಹುಟ್ಟಿದ್ದೆಂದು ಡಿಎನ್‌ಎ ಪರೀಕ್ಷೆಗಳು ತೋರಿಸಿವೆ. ದೇಶದ ಬೇರೆಡೆ ಕೀಟದ ಪರಿಣಾಮ ಬೇರೆ ಬೇರೆಯಾಗಿತ್ತು. ಲಿಸ್ಬನ್ ಬಳಿಯ ಕೊಲಾರೆಸ್‌ನಲ್ಲಿ ಬಳ್ಳಿಗಳು ಸಮುದ್ರದ ಮರಳಿನಲ್ಲಿ ಬೇರೂರಿದ್ದರಿಂದ, ಮರಳಿನಲ್ಲಿ ಕೀಟ ಬದುಕಲಾರದ ಕಾರಣ, ರಮೀಸ್ಕೊ ತಳಿ ಕಸಿಯಿಲ್ಲದೆಯೇ ಉಳಿಯಿತು. ಡೌರೊದ ಪದರುಕಲ್ಲಿಗೆ ಅಂತಹ ರಕ್ಷಣೆ ಇರಲಿಲ್ಲ.

ಕ್ವಿಂಟಾ ದೊ ವೇಲ್ ಮೆಯಾಂವ್

ಕೀಟದ ಹಾವಳಿ ತೀವ್ರವಾಗಿದ್ದ 1877ರಲ್ಲಿ, 66ರ ವಯಸ್ಸಿನ ಸುಮಾರಿಗೆ, ಆಂಟೋನಿಯಾ ತಮ್ಮ ಜೀವನದ ಅತ್ಯಂತ ದಿಟ್ಟ ಖರೀದಿಯನ್ನು ಮಾಡಿದರು. ವಿಲಾ ನೋವಾ ದೆ ಫೋಜ್ ಕೋವಾ ಪುರಸಭೆ ಹರಾಜಿಗಿಟ್ಟ ಸುಮಾರು 300 ಹೆಕ್ಟೇರ್ ಬರಡು ನೆಲ ಅದು. ಡೌರೊ ಸುಪೀರಿಯರ್‌ನಲ್ಲಿ ನದಿ ದೊಡ್ಡ ತಿರುವು ತೆಗೆದುಕೊಳ್ಳುವ ಜಾಗ. ಬಿಸಿಲು ವಿಪರೀತ, ಮಳೆ ವಿರಳ, ರಸ್ತೆಯಿಲ್ಲ. ಅಲ್ಲಿ ದ್ರಾಕ್ಷಿ ಬೆಳೆದೀತೆಂದು ನಂಬಿದವರು ಕಡಿಮೆ. ಆದರೆ ಪಶ್ಚಿಮ ಭಾಗಕ್ಕಿಂತ ಇಲ್ಲಿಗೆ ಕೀಟ ತಡವಾಗಿ ತಲುಪಿತ್ತು, ನೆಲ ಹೊಸದಾಗಿತ್ತು, ಇಳಿಜಾರೂ ಅಷ್ಟು ಕಡಿದಾಗಿರಲಿಲ್ಲ. ಜೊತೆಗೆ ಡೌರೊ ರೈಲುಮಾರ್ಗ ಹಂತಹಂತವಾಗಿ ಮೇಲಕ್ಕೆ ಬರುತ್ತಿತ್ತು: 1879ರಲ್ಲಿ ರೇಗ್ವಾ ತಲುಪಿದ ರೈಲು 1887ರಲ್ಲಿ ಸ್ಪೇನಿನ ಗಡಿಯನ್ನು ಮುಟ್ಟಿತು. ನದಿಯ ಸೆಳೆತವನ್ನು ನಂಬಿಕೊಂಡಿರಬೇಕಾದ ಅಗತ್ಯ ಇದರಿಂದ ತಪ್ಪಿತು.

ವೇಲ್ ಮೆಯಾಂವ್ ಆಂಟೋನಿಯಾ ಅವರು ಬುಡದಿಂದ ಕಟ್ಟಿದ ಏಕೈಕ ಕ್ವಿಂಟಾ. ಉಳಿದವು ಪಿತ್ರಾರ್ಜಿತ ಅಥವಾ ಬೇರೆಯವರು ಬೆಳೆಸಿದ ತೋಟಗಳು. ಇಲ್ಲಿ ಮನೆ, ಉಗ್ರಾಣ, ಪ್ರಾರ್ಥನಾ ಮಂದಿರ ಮತ್ತು ತೋಟಗಳ ಕೆಲಸ 1890ರ ದಶಕದವರೆಗೂ ಮುಂದುವರಿಯಿತು. ಅದು ಮುಗಿದ ಸ್ವಲ್ಪ ಕಾಲಕ್ಕೇ ಆಂಟೋನಿಯಾ ನಿಧನರಾದರು.

ಸಮಾಜಕಾರ್ಯ

ರೇಗ್ವಾ ಸುತ್ತಲಿನ ಆಸ್ಪತ್ರೆ, ಶಿಕ್ಷಣ ಮತ್ತು ರಸ್ತೆಗಳಿಗೆ ಇವರು ನೆರವು ನೀಡಿದರು. ಬಿಸಿನೀರಿನ ಬುಗ್ಗೆಗಳಿರುವ ಕಾಲ್ಡಾಸ್ ದೊ ಮೊಲೆಡೊವನ್ನು ಅಭಿವೃದ್ಧಿಪಡಿಸುವುದರಲ್ಲಿಯೂ ಇವರ ಪಾತ್ರವಿತ್ತು. ಸ್ಥಳೀಯರ ನೆನಪಿನಲ್ಲಿ ಇವರು ಬಡವರ ತಾಯಿಯಾಗಿ ಉಳಿದಿದ್ದಾರೆ. ವ್ಯಾಪಾರದ ಕಟ್ಟುನಿಟ್ಟು ಆ ನೆನಪಿನಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ.

ನಿಧನ ಮತ್ತು ನಂತರದ ಕಾಲ

1896ರ ಮಾರ್ಚ್ 26ರಂದು ರೇಗ್ವಾ ಬಳಿಯ ಕ್ವಿಂಟಾ ದಾಸ್ ನೊಗೇರಾಸ್‌ನಲ್ಲಿ ಆಂಟೋನಿಯಾ ಕೊನೆಯುಸಿರೆಳೆದರು. ಅವರಿಗೆ 84 ವರ್ಷ ವಯಸ್ಸಾಗಿತ್ತು. ಆಸ್ತಿ ವಾರಸುದಾರರಲ್ಲಿ ಹಂಚಿಹೋಯಿತಾದರೂ ವ್ಯಾಪಾರ ಚೂರಾಗದಂತೆ ಅವರು 1898ರಲ್ಲಿ ಒಂದು ಕಂಪನಿಯನ್ನು ಸ್ಥಾಪಿಸಿಕೊಂಡರು. ಫೆರೇರಾ ಸಂಸ್ಥೆಯನ್ನು 1987ರಲ್ಲಿ ಸೊಗ್ರಾಪೆ ಎಂಬ ಪೋರ್ಚುಗೀಸ್ ಕಂಪನಿ ಕೊಂಡಿತು. ವೆಸೂವಿಯೊ 1989ರಲ್ಲಿ ಸಿಮಿಂಗ್ಟನ್ ಕುಟುಂಬದ ಪಾಲಾಯಿತು.

ವೇಲ್ ಮೆಯಾಂವ್ ಕುರಿತ ಅವರ ಎಣಿಕೆ ಫಲಿಸಿದ್ದು ಅವರು ಊಹಿಸಿರಲಾರದ ರೀತಿಯಲ್ಲಿ. ಪೋರ್ಟ್ ವೈನ್‌ಗೆಂದು ನೆಟ್ಟ ಆ ತೋಟದ ದ್ರಾಕ್ಷಿಯಿಂದ ಫೆರೇರಾ ಸಂಸ್ಥೆಯ ವೈನ್ ತಜ್ಞ ಫರ್ನಾಂಡೊ ನಿಕೊಲಾವ್ ದೆ ಅಲ್ಮೇಡಾ 1952ರಲ್ಲಿ ಸಾರಾಯಿ ಬೆರೆಸದ ಕೆಂಪು ವೈನ್ ತಯಾರಿಸಿದರು. ಡೌರೊದ ಉರಿಬೇಸಿಗೆಯಲ್ಲಿ ಹುದುಗುವ ರಸವನ್ನು ತಣ್ಣಗಿಡುವ ಉಪಕರಣಗಳು ಆಗ ಅಲ್ಲಿರಲಿಲ್ಲವಾದ್ದರಿಂದ ಸಮುದ್ರತೀರದ ಮಟೋಸಿನ್ಯೋಸ್‌ನಿಂದ ಲಾರಿಗಳಲ್ಲಿ ಮಂಜುಗಡ್ಡೆ ತರಿಸಲಾಯಿತು. ಟಿಂಟಾ ರೋರಿಜ್ ಪ್ರಧಾನವಾಗಿದ್ದು, ಟೌರಿಗಾ ಫ್ರಾಂಕಾ ಮುಂತಾದ ಸ್ಥಳೀಯ ತಳಿಗಳು ಬೆರೆತ ಈ ವೈನ್‌ಗೆ ಬಾರ್ಕಾ ವೆಲ್ಯಾ ಎಂದು ಹೆಸರಿಡಲಾಯಿತು. ಪೋರ್ಚುಗಲ್‌ನ ಅತ್ಯಂತ ಪ್ರತಿಷ್ಠಿತ ಟೇಬಲ್ ವೈನ್‌ಗಳಲ್ಲಿ ಇಂದು ಅದೂ ಒಂದು. ಉತ್ತಮ ವರ್ಷಗಳಲ್ಲಿ ಮಾತ್ರ ಹೊರಬರುತ್ತದೆ. ಕಾಸಾ ಫೆರೇರಿನ್ಯಾ ಎಂಬ ಬ್ರಾಂಡ್‌ನಲ್ಲಿ ಆಂಟೋನಿಯಾ ಅವರ ಅಡ್ಡಹೆಸರು ಉಳಿದಿದೆ. ಬ್ಯಾರನ್ ಫಾರೆಸ್ಟರ್ ವಾದಿಸಿ ಸೋತಿದ್ದ ಬ್ರಾಂಡಿ ಇಲ್ಲದ ಡೌರೊ ವೈನ್‌ಗೆ, ಅವರು ನದಿಯಲ್ಲಿ ಮುಳುಗಿದ ತೊಂಬತ್ತು ವರ್ಷಗಳ ನಂತರ, ಅಂದಿನ ಸಹಪ್ರಯಾಣಿಕಳ ತೋಟದಿಂದಲೇ ಮನ್ನಣೆ ದೊರೆತದ್ದು ಆಕಸ್ಮಿಕವಾದರೂ ಗಮನಾರ್ಹ.

1980ರ ದಶಕದಿಂದ ತಳಿಗಳನ್ನು ಪ್ರತ್ಯೇಕವಾಗಿ ನೆಟ್ಟು ಅಧ್ಯಯನ ಮಾಡುವ ಪದ್ಧತಿ ಡೌರೊದಲ್ಲಿ ಬೇರೂರಿತು. ಟೌರಿಗಾ ನಾಸಿಯೊನಾಲ್ ಮತ್ತೆ ವ್ಯಾಪಕವಾಗಿ ನೆಡಲ್ಪಟ್ಟಿತು. ಹಲವು ತಳಿಗಳು ಬೆರೆತ ಹಳೆಯ ತೋಟಗಳ ಬೆಲೆಯನ್ನೂ ಬೆಳೆಗಾರರು ಈಗ ಮರಳಿ ಗುರುತಿಸುತ್ತಿದ್ದಾರೆ. ಯುನೆಸ್ಕೊ 2001ರಲ್ಲಿ ಆಲ್ಟೊ ಡೌರೊ ವೈನ್ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವೇಲ್ ಮೆಯಾಂವ್ ಆಂಟೋನಿಯಾ ಅವರ ವಂಶಸ್ಥರ ಕೈಯಲ್ಲಿದ್ದು, 1999ರ ಫಸಲಿನಿಂದ ಅವರು ತೋಟದ ಹೆಸರಿನಲ್ಲಿಯೇ ವೈನ್ ಹೊರತರುತ್ತಿದ್ದಾರೆ.